ಕಡಪ ಕಲ್ಲಿನ ಬೀರು ಹಗುರ ಮಾಡೋಣ: ಸ್ಕ್ಯಾಂಡಿನೇವಿಯನ್ ರೀತಿ, ದಾವಣಗೆರೆ ಮನೆಗೆ ಹೊಂದುವ ಹಾಗೆ

ಹೋದ ವರ್ಷ ಯುಗಾದಿಗೆ ಮನೆಗೆ ಬಣ್ಣ ಹೊಡೆಸಬೇಕಿತ್ತು. ಮಲಗುವ ಕೋಣೆಯ ಗೋಡೆ ಬೀರು ಖಾಲಿ ಮಾಡದೆ ವಿಧಿ ಇರಲಿಲ್ಲ. ಐದಡಿ ಅಗಲ, ಏಳಡಿ ಎತ್ತರ, ಒಳಗೆ ನಾಲ್ಕು ಕಡಪ ಕಲ್ಲಿನ ಹಲಗೆ. ದಾವಣಗೆರೆ, ಚಿತ್ರದುರ್ಗದ ಹಳೇ ಬಡಾವಣೆಗಳ ಮನೆಗಳಲ್ಲಿ ಇಂಥದ್ದೇ ಬೀರು ಇರುತ್ತೆ, ಅಲ್ವಾ? ಬಟ್ಟೆಯನ್ನೆಲ್ಲ ತೆಗೆದು ಮಂಚದ ಮೇಲೆ ಹಾಕಿದೆ. ಮಂಚವೇ ಮುಚ್ಚಿಹೋಯಿತು. ಎಣಿಸುತ್ತಾ ಕೂತೆ. ಸೀರೆ 68. ಹೊಲಿಸದೆ ಬಿಟ್ಟ ಬ್ಲೌಸ್ ಪೀಸ್ 41.

ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೂಲೆಯಲ್ಲಿ, ಹಳೇ ಬೆಡ್‌ಶೀಟುಗಳ ಅಡಿಯಲ್ಲಿ, ಅತ್ತೆಯ ಮದುವೆಯ ಮೊಳಕಾಲ್ಮೂರು ರೇಷ್ಮೆ ಸೀರೆ ಸಿಕ್ಕಿತು. ಅತ್ತೆ ತಾವೇ ಬಿಚ್ಚಿದರು. ಮಡಿಕೆ ಬಿದ್ದ ಕಡೆಯೆಲ್ಲ ನೂಲು ಸೀಳಿ, ಗೆರೆ ಎಳೆದ ಹಾಗೆ ಬೆಳಕು ತೂರಿ ಬರುತ್ತಿತ್ತು. ಅಂಚಿನ ಜರಿ ಕಪ್ಪಾಗಿತ್ತು. ಆ ಸೀಳಿನ ಮೇಲೆ ಬೆರಳಾಡಿಸಿ, "ಎಷ್ಟ್ ವರ್ಷದಿಂದ ಹುಡುಕ್ತಿದ್ದೆ ನೋಡವ್ವ, ಇಲ್ಲೇ ಐತಿ" ಅಂದರು. ನನಗೆ ಮಾತೇ ಹೊರಡಲಿಲ್ಲ. ಬೇಡದ ಬಟ್ಟೆಯ ಕೆಳಗೆ ಬೇಕಾದ ಸೀರೆ ಹೂತುಹೋಗಿತ್ತು.

ಅವತ್ತಿನಿಂದ ಈ ಕೆಲಸವನ್ನು ಮನಸ್ಸಿಟ್ಟು ಕಲಿತೆ. ಸ್ಕ್ಯಾಂಡಿನೇವಿಯನ್ ರೀತಿ, ಅಂದರೆ ಯುರೋಪಿನ ಉತ್ತರದ ದೇಶಗಳ ರೀತಿ, ನನಗೆ ಹಿಡಿಸಿದ್ದು ಒಂದೇ ಕಾರಣಕ್ಕೆ. ಅಲ್ಲಿ ಬೀರು ಅಂದರೆ ತುಂಬಿಡುವ ಜಾಗ ಅಲ್ಲ. ಬಾಗಿಲು ತೆಗೆದ ತಕ್ಷಣ ಏನಿದೆ ಅಂತ ಪೂರ್ತಿ ಕಾಣಬೇಕಾದ ಜಾಗ. ಇನ್ನು ಮುಂದೆ ಹೇಳುವುದೆಲ್ಲ ಆ ಒಂದು ಮಾತಿನ ಮೇಲೆಯೇ ನಿಂತಿದೆ.

ಅಲ್ಲಿಯದು ಯಾವುದು ಬೇಕು, ಯಾವುದು ಬೇಡ

ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಕಡೆ ಚಳಿಗಾಲ ಬಲು ಉದ್ದ. ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹಗಲು ಇರೋದೇ ಸುಮಾರು 6 ಗಂಟೆ. ಮಧ್ಯಾಹ್ನ ಮೂರಾಗುವ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಅವರು ಗೋಡೆಗೆ ಬಿಳಿ ಬಳಿಯುತ್ತಾರೆ. ಬರ್ಚ್, ಪೈನ್, ಆಶ್ ಥರದ ತಿಳಿ ಬಣ್ಣದ ಮರ ಬಳಸುತ್ತಾರೆ. ಇರುವ ಚೂರು ಬೆಳಕೂ ಮನೆ ತುಂಬ ಹರಡಲಿ ಅಂತ. ನಮಗೆ ಬಿಸಿಲಿಗೆ ಏನು ಬರ? ಇಲ್ಲಿ ಇಡೀ ಮನೆ ಹಾಲಿನಂತೆ ಬಿಳಿ ಮಾಡಬೇಕಾಗಿಲ್ಲ. ಆದರೆ ಬೀರುವಿನ ಒಳಗೆ ಮಾತ್ರ ನಮಗೂ ಕತ್ತಲೇ. ಕಡಪ ಕಲ್ಲು ಕಪ್ಪು, ಮೂಲೆ ಕಪ್ಪು. ಅಲ್ಲಿ ಬಿಳಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಸ್ವೀಡನ್ನಿನವರ ಭಾಷೆಯಲ್ಲಿ ಲಾಗೊಮ್ ಅಂತ ಒಂದು ಮಾತಿದೆ. ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ, ಬೇಕಾದಷ್ಟು ಅಂತ ಅರ್ಥ. ನಮ್ಮಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದಿಲ್ಲವೇ, ಹಾಗೆ.

ಚಿತ್ರಗಳಲ್ಲಿ ನೋಡಿ ಮನಸೋಲುವ ಒಂದು ವಿಷಯ ಮಾತ್ರ ದಯವಿಟ್ಟು ತರಬೇಡಿ. ಬಾಗಿಲಿಲ್ಲದ ತೆರೆದ ರ್‍ಯಾಕ್, ಅದರಲ್ಲಿ ಸಾಲಾಗಿ ತೂಗುವ ಅಂಗಿಗಳು. ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ನಮ್ಮೂರ ಧೂಳು ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಮಂಡಕ್ಕಿ ಭಟ್ಟಿಗಳ ಹತ್ತಿರ ಮನೆ ಇದ್ದರಂತೂ ಹೊಗೆ, ಬೂದಿ ಬೇರೆ. ಬಾಗಿಲು ಇರಲೇಬೇಕು.

ಮೊದಲು ಪೂರ್ತಿ ಖಾಲಿ ಮಾಡಿ

ಒಂದೊಂದೇ ಹಲಗೆ ಮಾಡುತ್ತೇನೆ ಅಂದುಕೊಂಡರೆ ಈ ಕೆಲಸ ಮುಗಿಯಲ್ಲ. ಮೇಲಿನ ಹಲಗೆಯದು ಕೆಳಗೆ, ಕೆಳಗಿನದು ಅಟ್ಟಕ್ಕೆ, ಅಷ್ಟೇ ಆಗೋದು. ಭಾನುವಾರ ತಿಂಡಿ ಆದ ಮೇಲೆ ಶುರು ಮಾಡಿ. ಟ್ರಂಕಿನದು, ಮಂಚದ ಬಾಕ್ಸಿನದು, ಬಾಗಿಲ ಹಿಂದೆ ನೇತಾಡುವುದು, ಕುರ್ಚಿ ಮೇಲೆ ರಾಶಿ ಬಿದ್ದಿರುವುದು, ಎಲ್ಲ ಒಂದೇ ಕಡೆ ಬರಲಿ. ಎಣಿಸಿ, ಬರೆದಿಡಿ. ಆ ಸಂಖ್ಯೆ ಮುಂದೆ ಅಂಗಡಿಗೆ ಹೋದಾಗ ನೆನಪಿಗೆ ಬರುತ್ತದೆ.

ಬೇರೆಯವರ ಬಟ್ಟೆಗೆ ಮಾತ್ರ ಕೈ ಹಾಕಬೇಡಿ. ಅತ್ತೆಯ ಸೀರೆ ಅತ್ತೆಯೇ ಆರಿಸಲಿ, ಮಗಳ ಚೂಡಿದಾರ ಮಗಳೇ ನೋಡಲಿ. ನಾನು ಮೊದಲ ದಿನ ಯಜಮಾನರ ಒಂದು ಹಳೇ ಸ್ವೆಟರ್ ತೆಗೆದಿಟ್ಟೆ. ಅದು ಅವರ ತಂದೆಯದು ಅಂತ ಆಮೇಲೆ ಗೊತ್ತಾಯಿತು. ಪುಣ್ಯಕ್ಕೆ ಅದು ಇನ್ನೂ ಮನೆಯಲ್ಲೇ ಇತ್ತು.

ಬಟ್ಟೆಯನ್ನು ನಾಲ್ಕು ಗುಡ್ಡೆ ಮಾಡಿ. ದಿನಾ ಹಾಕುವುದು ಒಂದು. ಹಬ್ಬ, ಮದುವೆಗೆ ಉಡುವುದು ಒಂದು. ಗುಂಡಿ ಹಾಕಿಸಬೇಕು, ಫಾಲ್ ಹೊಲಿಸಬೇಕು ಅನ್ನುವುದು ಒಂದು. ಮನೆಯಿಂದ ಹೊರಡುವುದು ಇನ್ನೊಂದು. 'ನೋಡೋಣ, ಇರಲಿ' ಅನ್ನುವ ಐದನೇ ಗುಡ್ಡೆ ತಾನಾಗೇ ಎದ್ದು ನಿಲ್ಲುತ್ತದೆ. ಅದನ್ನು ಒಂದು ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ, ಮೇಲೆ ದಿನಾಂಕ ಬರೆದು ಅಟ್ಟಕ್ಕೆ ಹಾಕಿ. ಆರು ತಿಂಗಳಲ್ಲಿ ಯಾರೂ ಆ ಗಂಟು ಬಿಚ್ಚದಿದ್ದರೆ ಅದರಲ್ಲಿ ಇರುವುದು ನಿಮಗೆ ಬೇಡ ಅಂತಲೇ.

ಒಂದು ವರ್ಷ ಹಾಕದಿದ್ದರೆ ಕೊಟ್ಟುಬಿಡಿ ಅನ್ನುವ ನಿಯಮ ನೀವೂ ಕೇಳಿರಬಹುದು. ಅಂಗಿ, ಪ್ಯಾಂಟು, ನೈಟಿ, ದಿನದ ಸೀರೆಗೆ ಅದು ಸರಿ. ರೇಷ್ಮೆ ಸೀರೆಗೆ ಸಲ್ಲದು. ವರ್ಷಕ್ಕೆ ಎರಡು ಮದುವೆ ಬಂದರೆ ಎರಡೇ ಸೀರೆ ಹೊರಗೆ ಬರುತ್ತವೆ. ಹಾಗಂತ ಉಳಿದವು ಬೇಡ ಅಂತಲ್ಲ. ಅದಕ್ಕೆ ನಾನು ಬೇರೆ ಲೆಕ್ಕ ಹಿಡಿದೆ. ಪ್ರತಿ ಸೀರೆ ಕೈಗೆತ್ತಿಕೊಂಡು ಕೇಳಿಕೊಂಡೆ: ನಾಳೆಯೇ ಒಂದು ಮದುವೆ ಇದ್ದರೆ ಇದನ್ನು ಖುಷಿಯಿಂದ ಉಡುತ್ತೇನಾ? ಇಲ್ಲ ಅನಿಸಿದ್ದು ಹೆಚ್ಚಾಗಿ ಯಾರೋ ಮುಯ್ಯಿಗೆ ಕೊಟ್ಟದ್ದು, ಬಣ್ಣ ಒಪ್ಪದ್ದು, ಮೈಗೆ ಭಾರ ಆಗುವುದು. 68ರಲ್ಲಿ 37 ಉಳಿದವು.

ಹೊರಟ ಬಟ್ಟೆ ಎಲ್ಲಿಗೆ ಹೋಗಬೇಕು

ಈ ವಿಷಯದಲ್ಲಿ ನಮ್ಮ ಕಡೆ ಹಳಬರಿಗೆ ಇದ್ದಷ್ಟು ತಿಳಿವಳಿಕೆ ನಮಗಿಲ್ಲ. ಹತ್ತಿ ಸೀರೆ ಮೆತ್ತಗಾದರೆ ಅದು ಕೌದಿಗೆ. ನಾಲ್ಕೈದು ಹಳೇ ಸೀರೆ ಒಂದರ ಮೇಲೊಂದು ಹಾಸಿ, ಸುತ್ತ ಬಣ್ಣದ ತುಂಡು ಕೂಡಿಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ವರ್ಷಾನುಗಟ್ಟಲೆ ಬಾಳುವ ಹೊದಿಕೆ ಆಗುತ್ತದೆ. ಸ್ವೀಡನ್ನಿನ ಹಳ್ಳಿಗಳಲ್ಲೂ ಹೀಗೆಯೇ. ಹಳೇ ಬಟ್ಟೆಯನ್ನು ಉದ್ದುದ್ದ ಪಟ್ಟಿ ಸೀಳಿ, ಮಗ್ಗದಲ್ಲಿ ನೇಯ್ದು ನೆಲಕ್ಕೆ ಹಾಸುವ ಚಾಪೆ ಮಾಡುತ್ತಾರೆ. ಅದನ್ನು ಟ್ರಾಸ್‌ಮಟ್ಟಾ ಅನ್ನುತ್ತಾರೆ, ಅಂದರೆ ಚಿಂದಿ ಚಾಪೆ. ಅವರ ಮನೆಯ ಚಿತ್ರಗಳಲ್ಲಿ ಬಿಳಿ ನೆಲದ ಮೇಲೆ ಕಾಣುವ ಆ ಚೆಂದದ ಪಟ್ಟಾಪಟ್ಟಿ ಚಾಪೆ ಇದೇ. ನಮ್ಮ ಕೌದಿ ಅದಕ್ಕೆ ಏನೂ ಕಡಿಮೆ ಇಲ್ಲ. ಮಡಿಸಿ ಮಂಚದ ಕಾಲಬದಿಗೆ ಹಾಕಿ ನೋಡಿ, ಇಡೀ ಕೋಣೆಗೆ ಅದೊಂದೇ ಬಣ್ಣ ಸಾಕು.

ಹಾಕಲು ಚೆನ್ನಾಗಿರುವ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಬೇಕಾದವರಿಗೆ ಕೇಳಿಯೇ ಕೊಡಿ. ಹರಿದದ್ದನ್ನು ದಾನ ಅಂತ ಕೊಡಬಾರದು. ಹಳೇ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಬೀದಿಯಲ್ಲಿ ಈಗಲೂ ಬರುತ್ತಾರೆ, ಅದೂ ಒಂದು ದಾರಿ. ಬದಲಿಗೆ ಬಂದ ಸ್ಟೀಲ್ ಡಬ್ಬಿ ಅಡುಗೆಮನೆಯಲ್ಲಿ ನಿಜವಾಗಿ ಬೇಕಾ ಅಂತ ಮಾತ್ರ ನೋಡಿಕೊಳ್ಳಿ. ಹಳೇ ಬಿಳಿ ಪಂಚೆ ಮಾತ್ರ ಯಾರಿಗೂ ಕೊಡಬೇಡಿ. ಅದರ ಕೆಲಸ ಮುಂದೆ ಬರುತ್ತೆ.

ಬ್ಲೌಸ್ ಪೀಸಿನ ಮಾತು ಬೇರೆಯೇ. ಉಡಿ ತುಂಬುವಾಗ ಬಂದದ್ದು, ಅರಿಶಿನ ಕುಂಕುಮಕ್ಕೆ ಹೋದಾಗ ಬಂದದ್ದು. ಬೇಡ ಅನ್ನುವ ಹಾಗಿಲ್ಲ, ಎಸೆಯುವ ಹಾಗಂತೂ ಇಲ್ಲ. ನಾನು ಹತ್ತು ಒಳ್ಳೆಯವನ್ನು ಆರಿಸಿ, ಮನೆಗೆ ಬಂದ ಮುತ್ತೈದೆಯರಿಗೆ ಕೊಡಲು ದೇವರ ಮನೆಯ ಹತ್ತಿರದ ಡಬ್ಬಿಯಲ್ಲಿಟ್ಟೆ. ಉಳಿದವು ಟೈಲರ್ ಕೈಯಲ್ಲಿ ಸೀರೆ ಚೀಲಗಳಾದವು. ದಾರ ಕಟ್ಟುವ ಸಾದಾ ಚೀಲ, ಒಂದೊಂದರಲ್ಲಿ ಒಂದು ಸೀರೆ, ಅದರದೇ ಬ್ಲೌಸು, ಲಂಗ. ಹೊರಡುವ ಹೊತ್ತಲ್ಲಿ ಲಂಗ ಹುಡುಕುವ ಪರದಾಟ ನಿಂತೇ ಹೋಯಿತು.

ಖಾಲಿ ಬೀರುವಿನ ಕೆಲಸ

ಖಾಲಿ ಆದಾಗ ಮೊದಲು ಟಾರ್ಚ್ ಹಿಡಿದು ಮೂಲೆ ನೋಡಿ. ಮರದ ಚೌಕಟ್ಟಿನ ಹಿಂದೆ ಮಣ್ಣಿನ ಸಣ್ಣ ಗೆರೆ ಏರಿದ್ದರೆ ಗೆದ್ದಲು ಬಂದಿದೆ ಅಂತ. ಅದಕ್ಕೆ ಔಷಧಿ ಹೊಡೆಸದೆ ಮುಂದಿನ ಯಾವ ಕೆಲಸವೂ ಬೇಡ. ಇಲ್ಲದಿದ್ದರೆ ಹಲಗೆ ತೊಳೆದು, ಎರಡು ದಿನ ಬಾಗಿಲು ತೆರೆದು ಒಣಗಲು ಬಿಡಿ.

ಒಳಗೋಡೆಗೆ ಬಿಳಿ ಡಿಸ್ಟೆಂಪರ್ ಹೊಡೆಯಿರಿ. ಪಾಲಿಷ್ ಆದ ಕಡಪ ಕಲ್ಲಿಗೆ ಬಣ್ಣ ಸುಮ್ನೆ ಹಚ್ಚಿದರೆ ನಿಲ್ಲದು, ಸಿಪ್ಪೆ ಏಳುತ್ತದೆ. ಕಲ್ಲಿಗೆ ಬಣ್ಣ ಬೇಡವೇ ಬೇಡ. ಬಿಳಿ ಅಥವಾ ತಿಳಿ ಕೆನೆ ಬಣ್ಣದ ಹತ್ತಿ ಬಟ್ಟೆ ಅಳತೆಗೆ ಕತ್ತರಿಸಿ, ಅಂಚು ಹೊಲಿಸಿ ಹಾಸಿ. ತಿಂಗಳಿಗೊಮ್ಮೆ ಒಗೆಯಬಹುದು. ಬೀರು ಒಳಗೆ ದೀಪ ಹಾಕಿದಷ್ಟು ಬದಲಾವಣೆ ಕಾಣುತ್ತದೆ.

ನ್ಯೂಸ್‌ಪೇಪರ್ ಹಾಸುವ ಅಭ್ಯಾಸ ಮಾತ್ರ ಬಿಡಿ. ಮಸಿ ಬಿಳಿ ಬಟ್ಟೆಗೆ ಹತ್ತುತ್ತದೆ. ಅದಕ್ಕಿಂತ ಮುಖ್ಯವಾಗಿ ಬೆಳ್ಳಿ ಬಣ್ಣದ, ಮೀನಿನ ಹಾಗೆ ಜಾರುವ ಆ ಸಣ್ಣ ಹುಳಕ್ಕೆ ಕಾಗದವೇ ಊಟ. ಗಂಜಿ ಹಾಕಿದ ಬಟ್ಟೆಯೂ ಅದಕ್ಕೆ ಇಷ್ಟ. ಆದ್ದರಿಂದ ಬಹಳ ದಿನ ಒಳಗಿಡುವ ಸೀರೆಯನ್ನು ಗಂಜಿ ಹಾಕದೆ ಇಡಿ, ಉಡುವ ಮುಂಚೆ ಹಾಕಿಕೊಂಡರಾಯಿತು.

ಅಳತೆ ನೋಡಿಕೊಳ್ಳಿ

ಇಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ. ಅಂಗಿ ಹಾಕಿದ ಹ್ಯಾಂಗರ್ ಅಡ್ಡಡ್ಡ ನಿಲ್ಲಬೇಕಾದರೆ ಬೀರು ಒಳಗೆ 22 ಇಂಚಾದರೂ ಆಳ ಬೇಕು. ಸ್ವೀಡನ್ ಮೂಲದ ಪೀಠೋಪಕರಣ ಕಂಪನಿ ಐಕಿಯಾದ ಪ್ಯಾಕ್ಸ್ ಅನ್ನುವ ಬೀರುಗಳು ಎರಡು ಆಳದಲ್ಲಿ ಬರುವುದೂ ಇದಕ್ಕೇ, 58 ಸೆಂಟಿಮೀಟರ್ ಮತ್ತು 35. ಮೊದಲನೆಯದು ಹ್ಯಾಂಗರಿಗೆ, ಎರಡನೆಯದು ಹೆಚ್ಚಾಗಿ ಮಡಿಸಿಡಲು. ನಮ್ಮ ಗೋಡೆ ಬೀರು ಸಾಮಾನ್ಯವಾಗಿ 15ರಿಂದ 18 ಇಂಚು. ಅಡ್ಡ ರಾಡ್ ಹಾಕಿಸಿದರೆ ಬಾಗಿಲು ಮುಚ್ಚಲ್ಲ, ಅಂಗಿಯ ತೋಳು ಸಿಕ್ಕಿಹಾಕಿಕೊಳ್ಳುತ್ತದೆ. ಇಂಥ ಕಡೆ ಗೋಡೆಯಿಂದ ಮುಂದಕ್ಕೆ ಬರುವ ಚಿಕ್ಕ ರಾಡ್ ಹಾಕಿಸಿ. ಹ್ಯಾಂಗರ್‌ಗಳು ಎದುರು ಮುಖ ಮಾಡಿ ನಿಲ್ಲುತ್ತವೆ. ಎಂಟು ಹತ್ತು ಅಂಗಿ ಹಿಡಿಯುತ್ತದೆ, ಆಫೀಸಿಗೆ ಹೋಗುವ ಒಬ್ಬರಿಗೆ ಅಷ್ಟು ಸಾಕು.

ಅಂಗಿಗೆ ರಾಡ್‌ನಿಂದ ಕೆಳಗೆ ಸುಮಾರು 40 ಇಂಚು ಜಾಗ ಬಿಡಿ. ಉದ್ದ ಕುರ್ತಾ, ಅನಾರ್ಕಲಿಗೆ 55 ಇಂಚಾದರೂ ಬೇಕು. ರಾಡ್ ಮೂರಡಿ ದಾಟಿದರೆ ನಡುವೆ ಒಂದು ಆಸರೆ ಕೊಡಿಸಿ. ಮಡಿಸಿಡುವ ಹಲಗೆಗಳ ನಡುವೆ 10ರಿಂದ 12 ಇಂಚು ಸಾಕು. ಕಡಪ ಕಲ್ಲಿನ ಹಲಗೆಗಳ ನಡುವೆ ಅದಕ್ಕಿಂತ ಜಾಸ್ತಿ ಅಂತರ ಇರುತ್ತದೆ. ಹಾಗಾಗಿಯೇ ನಾವು ಎತ್ತರಕ್ಕೆ ಪೇರಿಸುತ್ತೇವೆ, ಅಡಿಯದನ್ನು ಎಳೆದಾಗ ಎಲ್ಲ ಕುಸಿಯುತ್ತದೆ. ನಡುವೆ ಒಂದು ಪ್ಲೈವುಡ್ ಸ್ಟೂಲು ಮಾಡಿಸಿಟ್ಟರೆ ಒಂದು ಹಲಗೆ ಎರಡಾಗುತ್ತದೆ. ಗೋಡೆ ಒಡೆಯುವ ಕೆಲಸವಿಲ್ಲ.

ಹೊಸದಾಗಿ ಮಾಡಿಸುವವರಿಗೆ ಒಂದು ಮಾತು. ನಮ್ಮ ಬಡಗಿ ಬಂದು ನೋಡಿ, "ಅಕ್ಕಾರೆ, ಸ್ಲೈಡಿಂಗ್ ಬಾಗ್ಲು ಹಾಕ್ಸ್ರಿ, ಈಗ ಎಲ್ರೂ ಅದನ್ನೇ ಹಾಕ್ಸ್ತಾರೆ" ಅಂದ. "ಕೆಳಗಿನ ಹಳಿಯಾಗೆ ಧೂಳು ಕೂತ್ರೆ ಏನ್ ಮಾಡ್ಲಪ್ಪ?" ಅಂತ ಕೇಳಿದೆ. ಸ್ವಲ್ಪ ಯೋಚನೆ ಮಾಡಿ, "ಅದು ಹೌದು ಬಿಡ್ರಿ, ಆರ್ ತಿಂಗ್ಳಿಗೆ ಬಿಗಿ ಆಗ್ತೈತಿ" ಅಂತ ತಾನೇ ಒಪ್ಪಿಕೊಂಡ. ನಮ್ಮ ಧೂಳಿಗೆ ಕೀಲಿನ ಬಾಗಿಲೇ ಸರಿ. ಇನ್ನೊಂದು ಲಾಭವೂ ಇದೆ. ಎರಡೂ ಬಾಗಿಲು ತೆರೆದಾಗ ಬೀರು ಪೂರ್ತಿ ಒಂದೇ ನೋಟಕ್ಕೆ ಕಾಣುತ್ತದೆ. ಪ್ಲೈವುಡ್ 18 ಅಥವಾ 19 ಎಂಎಂ ಇರಲಿ. ನೀರು ತಾಗುವ ಗೋಡೆ, ಅಂದರೆ ಬಚ್ಚಲುಮನೆಗೆ ಅಂಟಿದ್ದಾದರೆ, ಐಎಸ್ 710 ಗುರುತಿನ ಪ್ಲೈ, ಅಂದರೆ ನೀರು ತಡೆಯುವ ಮರೀನ್ ಪ್ಲೈ ಕೇಳಿ. ಹೊರಗೆ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಟ್, ಕೆನೆ ಬಣ್ಣ ಅಥವಾ ತಿಳಿ ಮರದ ಬಣ್ಣ. ಅಚ್ಚ ಬಿಳಿ ಮಕ್ಕಳ ಕೈ ಗುರುತಿಗೆ ಬೇಗ ಕೊಳೆಯಾಗುತ್ತದೆ, ಅದನ್ನು ಒಳಗಿಗೆ ಉಳಿಸಿ. ಹಿಡಿಕೆ ಸಾದಾ ಮರದ್ದು.

ಐಕಿಯಾ ಅಂದೆನಲ್ಲ, ಅವರ ಬೆಂಗಳೂರಿನ ಅಂಗಡಿ 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಶುರುವಾಯಿತು. ನಮ್ಮೂರಿಂದ ಹೋಗುವಾಗ ತುಮಕೂರು ರಸ್ತೆಯಲ್ಲೇ ಸಿಗುತ್ತದೆ. ಹೋಗಿ ನೋಡಿ ಬನ್ನಿ, ಒಳಗಿನ ಜೋಡಣೆ ಹೇಗಿದೆ ಅಂತ ಟೇಪ್ ಹಿಡಿದು ಅಳತೆ ಬರೆದುಕೊಳ್ಳಿ. ಆದರೆ ಬೀರು ಖಾಲಿ ಮಾಡುವ ಮುಂಚೆ ಡಬ್ಬಿ, ಬುಟ್ಟಿ ಕೊಳ್ಳಬೇಡಿ. ಬಟ್ಟೆ ಅರ್ಧ ಆದ ಮೇಲೆ ಬುಟ್ಟಿಯೂ ಅರ್ಧ ಸಾಕು.

ಜೋಡಿಸುವುದು

ಕಣ್ಣಿನಿಂದ ಸೊಂಟದವರೆಗಿನ ಎತ್ತರ ದಿನದ ಬಟ್ಟೆಗೆ. ಅದಕ್ಕಿಂತ ಮೇಲೆ ಹಬ್ಬದ್ದು. ಕೆಳಗೆ ಮಕ್ಕಳದ್ದು, ಅವರೇ ತೆಗೆದುಕೊಳ್ಳಲಿ. ಮಡಿ ಬಟ್ಟೆ ಇದ್ದರೆ ಅದಕ್ಕೆ ಬೇರೆಯೇ ಮೂಲೆ. ಒಬ್ಬೊಬ್ಬರಿಗೆ ಇಷ್ಟು ಹ್ಯಾಂಗರ್ ಅಂತ ಗೊತ್ತು ಮಾಡಿ. ನಮ್ಮಲ್ಲಿ 20. ಒಂದೇ ಥರದ ಮರದ ಹ್ಯಾಂಗರ್ ಆದರೆ ನೋಟವೇ ಬೇರೆ. ಹೊಸ ಅಂಗಿ ಬಂದಾಗ ಹ್ಯಾಂಗರ್ ಖಾಲಿ ಇಲ್ಲದಿದ್ದರೆ ಹಳೆಯದೊಂದು ಇಳಿಯಬೇಕು.

ಟೀ ಶರ್ಟ್, ಲಂಗ, ಮಕ್ಕಳ ಚಡ್ಡಿ ಎಲ್ಲ ಪೇರಿಸದೆ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಈ ರೀತಿ ಜಪಾನಿನಿಂದ ಹೆಸರಾದದ್ದು, ಆದರೂ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಶೂ ಡಬ್ಬಿಗೆ ಹಳೇ ಪಂಚೆಯ ತುಂಡು ಸುತ್ತಿದರೆ ಅದೇ ಬುಟ್ಟಿ.

ಪ್ರತಿ ಹಲಗೆಯಲ್ಲೂ ಕಾಲು ಭಾಗ ಖಾಲಿ ಬಿಡಿ. ಇದು ಕಷ್ಟ. ಖಾಲಿ ಜಾಗ ಕಂಡರೆ ಏನಾದರೂ ಇಡೋಣ ಅಂತ ಕೈ ತುರಿಸುತ್ತದೆ. ತಡೆದುಕೊಳ್ಳಿ. ಒಂದು ಬಟ್ಟೆ ಎಳೆದಾಗ ಇನ್ನೊಂದು ಬೀಳದಿರುವುದು, ಗಾಳಿ ಆಡುವುದು, ಇಟ್ಟದ್ದು ಕಾಣುವುದು ಎಲ್ಲ ಆ ಜಾಗದಿಂದಲೇ.

ಒಮ್ಮೆ ಹಾಕಿ ಇನ್ನೂ ಒಗೆಯಲು ಹಾಕದ ಬಟ್ಟೆ ಎಲ್ಲ ಮನೆಯಲ್ಲೂ ಕುರ್ಚಿ ಮೇಲೆ ಕೂರುತ್ತದೆ. ಇದಕ್ಕೆ ನಮ್ಮ ಅಜ್ಜಂದಿರ ಮನೆಯ ಗೂಟವೇ ಮದ್ದು. ಸ್ಕ್ಯಾಂಡಿನೇವಿಯನ್ ಮನೆಗಳ ಬಾಗಿಲ ಬಳಿಯೂ ಸಾಲು ಗೂಟ ಇರುತ್ತವೆ, ಕೋಟು ನೇತು ಹಾಕಲು. ಒಂದು ಮರದ ಪಟ್ಟಿಗೆ ಐದು ಗೂಟ ಹೊಡೆಸಿ ಬೀರು ಪಕ್ಕ ಹಾಕಿ. ಐದಕ್ಕಿಂತ ಜಾಸ್ತಿ ಬೇಡ.

ರೇಷ್ಮೆ ಮತ್ತು ಉಣ್ಣೆ

ರೇಷ್ಮೆ ಸೀರೆ ಉಟ್ಟ ಮೇಲೆ ಒಂದು ರಾತ್ರಿ ನೆರಳಲ್ಲಿ, ಗಾಳಿಗೆ ಹರಡಿ. ಬೆವರು ಆರದೆ ಮಡಿಸಬೇಡಿ. ಆಮೇಲೆ ಹಳೇ ಬಿಳಿ ಪಂಚೆಯಲ್ಲಿ ಸುತ್ತಿ. ಅದಕ್ಕೇ ಇಟ್ಟುಕೊಳ್ಳಿ ಅಂದದ್ದು. ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಒಳಗಿನ ತೇವ ಹೊರಗೆ ಹೋಗದು, ಜರಿ ಕಪ್ಪಾಗುತ್ತದೆ. ಸೆಂಟ್ ಸೀರೆ ಮೇಲೆ ಹೊಡೆಯಬೇಡಿ. ಜರಿ ಅಂಚು ಒಳಮುಖವಾಗಿ ಬರುವ ಹಾಗೆ ಸಡಿಲವಾಗಿ ಮಡಿಸಿ, ಮೇಲೆ ಭಾರ ಹೇರಬೇಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ, ಮಡಿಕೆ ಬೇರೆ ಜಾಗದಲ್ಲಿ ಬೀಳುವಂತೆ ಮತ್ತೆ ಮಡಿಸಿ. ಅತ್ತೆಯ ಸೀರೆ ಸೀಳಿದ್ದು ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಿಕೆ ಕೂತದ್ದಕ್ಕೆ, ಮೇಲೆ ಬಿದ್ದ ಭಾರಕ್ಕೆ.

ನುಸಿ ಗುಳಿಗೆ ನಾನು ನಿಲ್ಲಿಸಿದ್ದೇನೆ. ಮಕ್ಕಳು ಮಿಠಾಯಿ ಅಂತ ಬಾಯಿಗೆ ಹಾಕಿದರೆ ಅದು ವಿಷ. ಲಾವಂಚದ ಬೇರು ಸಣ್ಣ ಬಟ್ಟೆಯಲ್ಲಿ ಕಟ್ಟಿಡಿ, ಘಮವೂ ಹಿತ. ಒಣಗಿದ ಬೇವಿನ ಎಲೆಯೂ ಆದೀತು, ಪೂರ್ತಿ ಒಣಗಿರಬೇಕು, ಸೀರೆಗೆ ನೇರ ತಾಗಬಾರದು.

ಚಳ್ಳಕೆರೆ ಕಂಬಳಿ, ಸ್ವೆಟರ್ ಎತ್ತಿಡುವ ಮುಂಚೆ ಬಿಸಿಲಿಗೆ ಹಾಕಿ, ಚೆನ್ನಾಗಿ ಕೊಡವಿ. ಉಣ್ಣೆ ತಿನ್ನುವ ಹುಳದ ಮೊಟ್ಟೆ ಮಡಿಕೆಯಲ್ಲೇ ಇರುತ್ತದೆ. ನಾರ್ವೆಯವರೂ ಉಣ್ಣೆಯನ್ನು ಪದೇ ಪದೇ ಒಗೆಯುವುದಿಲ್ಲ, ಹೊರಗೆ ಗಾಳಿಗೆ ಹಾಕಿ ಒಳಗೆ ತರುತ್ತಾರೆ.

ಮತ್ತೆ ತುಂಬದ ಹಾಗೆ

ಹೀಗೆ ಬೀರು ಖಾಲಿ ಮಾಡಿ ಆರಿಸುವುದು ವರ್ಷಕ್ಕೆ ಎರಡು ಸಲ ಸಾಕು. ಯುಗಾದಿ ಮುಂಚೆ ಒಮ್ಮೆ, ದಸರಾ ಮುಂಚೆ ಒಮ್ಮೆ. ಹೇಗೂ ಆಗ ಮನೆ ಕೊಡವುತ್ತೇವೆ. ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿ: ಎಷ್ಟು ಸೀರೆ ಇದೆ, ಯಾವ ಬಣ್ಣ ಇಲ್ಲ, ರೇಷ್ಮೆಯ ಮಡಿಕೆ ಬದಲಿಸಿದ್ದು ಯಾವಾಗ. ಹಬ್ಬದ ಬಟ್ಟೆ ತರಲು ಹೊರಡುವ ಮುಂಚೆ ಅದರ ಫೋಟೋ ತೆಗೆದುಕೊಂಡು ಹೋಗಿ.

ಅತ್ತೆಯ ಮೊಳಕಾಲ್ಮೂರು ಸೀರೆ ಉಡುವ ಸ್ಥಿತಿಯಲ್ಲಿ ಇರಲಿಲ್ಲ. ಸೆರಗು ಮಾತ್ರ ಗಟ್ಟಿ ಇತ್ತು. ಅದನ್ನು ಬಿಡಿಸಿ, ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಹೊಲಿಸಿ ಒಂದು ಶಾಲು ಮಾಡಿಸಿದೆವು. ಈಗ ಅದು ನಡು ಹಲಗೆಯಲ್ಲಿ ಬಿಳಿ ಪಂಚೆಯ ಮೇಲೆ ಒಂದೇ ಇದೆ. ಅಕ್ಕಪಕ್ಕ ಏನೂ ಇಟ್ಟಿಲ್ಲ. ಚೀಟಿಯಲ್ಲಿ ಅದರ ಮುಂದೆ ಅತ್ತೆ ಪೆನ್ಸಿಲಿನಲ್ಲಿ ತಾವೇ ಬರೆದಿದ್ದಾರೆ: 'ದಸರಾಕ್ಕೆ ಮಡಿಕೆ ತಿರುಗಿಸೋದು.'